ಇಂಜಿನ್ ಬಿಚ್ಚುವ ಮೊದಲು ಕಿಡಿ ನೋಡಿ

ನಮ್ಮ ಮನೆಯಲ್ಲಿ ಒಂದು ಹಳೆಯ ಯೆಜ್ಡಿ 250 ಇದೆ. ದಾದಾ ಕೊಂಡ ಗಾಡಿ, ಈಗ ಅಬ್ಬಾ ಓಡಿಸುತ್ತಾರೆ. ಸುಲ್ತಾನ್‌ಪೇಟೆಯ ಅಂಗಡಿಗಳಿಂದ ಮದುವೆ ಕಾರ್ಡಿನ ಕಟ್ಟುಗಳನ್ನು ಹೇರಿಕೊಂಡು ಊರೆಲ್ಲ ತಲುಪಿಸುವುದು ಅವರ ಕೆಲಸ. ಇದನ್ನು ತಯಾರಿಸಿದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಮುಚ್ಚಿತು. ಗಾಡಿಗಳು ಮಾತ್ರ ಇನ್ನೂ ಓಡುತ್ತಿವೆ.

ಕಳೆದ ಮದುವೆ ಸೀಸನ್ನಿನಲ್ಲಿ ನಮ್ಮ ಗಾಡಿ ಕೈಕೊಡತೊಡಗಿತು. ಬೆಳಿಗ್ಗೆ ಎರಡು ಕಿಕ್ಕಿಗೆ ಸ್ಟಾರ್ಟ್ ಆಗುತ್ತಿತ್ತು. ಇಪ್ಪತ್ತು ನಿಮಿಷ ಓಡಿ ಬಿಸಿಯಾದರೆ ತಡವರಿಸಿ ನಿಂತುಬಿಡುತ್ತಿತ್ತು. ತಣ್ಣಗಾದ ಮೇಲೆ ಮತ್ತೆ ಸ್ಟಾರ್ಟ್. ಒಂದು ಗ್ಯಾರೇಜಿನಲ್ಲಿ ಇಂಜಿನ್ ಬಿಚ್ಚಬೇಕು, 14,000 ರೂಪಾಯಿ ಆಗುತ್ತದೆ ಎಂದರು. ಅದು ನನ್ನ ಕಾಲೇಜು ಫೀಸು ಕಟ್ಟುವ ತಿಂಗಳು. ಅಬ್ಬಾ ಗುಜರಿಯವರ ಬಳಿ ದರ ಕೇಳಿ ಬಂದರು. ದಾದಾ ಏನೂ ಮಾತಾಡಲಿಲ್ಲ. ನಾನು ಒಂದು ವಾರ ಸಮಯ ಕೇಳಿದೆ.

ಮೊದಲು ಕಿಡಿ ಹೇಗೆ ಹುಟ್ಟುತ್ತದೆ ಎಂದು ತಿಳಿದುಕೊಂಡೆ. ನಮ್ಮ ಗಾಡಿಯ ಬ್ಯಾಟರಿ ಬರೀ 6 ವೋಲ್ಟ್. ಪ್ಲಗ್ಗಿನಲ್ಲಿ ಕಿಡಿ ಹಾರಲು ಸಾವಿರಾರು ವೋಲ್ಟ್ ಬೇಕು. ಪಾಯಿಂಟ್ ಎಂಬ ಸಣ್ಣ ಸ್ವಿಚ್ ಮುಚ್ಚಿದಾಗ ಕಾಯಿಲ್‌ನಲ್ಲಿ ಕರೆಂಟ್ ಹರಿದು ಅದು ಅಯಸ್ಕಾಂತವಾಗುತ್ತದೆ. ಪಾಯಿಂಟ್ ತೆರೆದ ತಕ್ಷಣ ಕರೆಂಟ್ ಕಡಿದುಹೋಗಿ, ಆ ಏಟಿಗೆ ಕಾಯಿಲ್‌ನ ಇನ್ನೊಂದು ಸುತ್ತಿನಲ್ಲಿ ಹೆಚ್ಚು ವೋಲ್ಟೇಜ್ ಹುಟ್ಟುತ್ತದೆ. ಟೂ ಸ್ಟ್ರೋಕ್ ಇಂಜಿನ್ ನಿಮಿಷಕ್ಕೆ 3,000 ಸುತ್ತು ತಿರುಗಿದರೆ ಸೆಕೆಂಡಿಗೆ 50 ಸಲ ಹೀಗಾಗಬೇಕು. ಪಾಯಿಂಟ್ ತೆರೆಯುವಾಗ ಅಲ್ಲೇ ಕಿಡಿ ಹಾರಿ ಸುಡದಂತೆ ಕಾಯುವುದು ಕಂಡೆನ್ಸರ್.

ನನ್ನ ಮೊದಲ ತಪ್ಪು, ಏನೂ ನೋಡದೆ ಹೊಸ ಪ್ಲಗ್ ಹಾಕಿದ್ದು. ಎರಡು ದಿನ ಸರಿಯಿತ್ತು, ಮೂರನೇ ದಿನ ಮತ್ತೆ ಅದೇ ಕಥೆ. ಆಮೇಲೆ ನಮ್ಮ ಗಲ್ಲಿಯ ಮಿಸ್ತ್ರಿ ಚಾಚಾ ಒಂದು ಕ್ರಮ ಹೇಳಿಕೊಟ್ಟರು.

ಒಂದು, ಪ್ಲಗ್ಗಿನ ಬಣ್ಣ ನೋಡಬೇಕು. ಕಂದು ಬಣ್ಣವಿದ್ದರೆ ಸರಿ. ಕಪ್ಪಾಗಿ ಒದ್ದೆಯಿದ್ದರೆ ಎಣ್ಣೆ ಹೆಚ್ಚಾಗಿದೆ ಅಥವಾ ಕಿಡಿ ಸಾಲುತ್ತಿಲ್ಲ.

ಎರಡು, ಗಾಡಿ ಬಿಸಿಯಿದ್ದಾಗಲೇ ಕಿಡಿ ನೋಡಬೇಕು. ಬಿಚ್ಚಿದ ಪ್ಲಗ್ಗನ್ನು ಕ್ಯಾಪಿಗೆ ಸಿಕ್ಕಿಸಿ, ಅದರ ಲೋಹದ ಭಾಗವನ್ನು ಇಂಜಿನ್ನಿಗೆ ತಾಗಿಸಿಟ್ಟು ಕಿಕ್ ಹೊಡೆಯಬೇಕು. ಪ್ಲಗ್ ತೂತಿನಿಂದ ಪೆಟ್ರೋಲ್ ಆವಿ ಬರುವುದರಿಂದ ಇದನ್ನು ಬಯಲಿನಲ್ಲೇ, ತೂತಿನಿಂದ ದೂರವಿಟ್ಟು ಮಾಡಬೇಕು. ಲೋಹವನ್ನು ಮುಟ್ಟಬಾರದು. ಕಿಡಿ ನೀಲಿಯಾಗಿ ಚಟ್ ಎನ್ನಬೇಕು. ನಮ್ಮದು ಹಳದಿಯಾಗಿ ಸೊರಗಿತ್ತು.

ಮೂರು, ಬ್ಯಾಟರಿ ಮತ್ತು ವೈರುಗಳು. ಹಾರ್ನ್ ಜೋರಾಗಿತ್ತು, ವೈರುಗಳು ಬಿಗಿಯಾಗಿದ್ದವು.

ನಾಲ್ಕು, ಪ್ಲಗ್ಗನ್ನು ಮತ್ತೆ ತೂತಿಗೆ ಹಾಕಿ, ಸಂಜೆ ಕತ್ತಲಲ್ಲಿ ಬಲಗಡೆಯ ಕವರ್ ಬಿಚ್ಚಿ ಪಾಯಿಂಟ್ ನೋಡುತ್ತಾ ಕಿಕ್ ಹೊಡೆದೆವು. ಪಾಯಿಂಟ್ ಮಧ್ಯೆ ದೊಡ್ಡ ಕಿಡಿ ಹಾರಿತು! ಅದರ ಒಂದು ತುದಿಯಲ್ಲಿ ಗುಳಿ, ಇನ್ನೊಂದರಲ್ಲಿ ಗುಬ್ಬಿ. ಪಾಯಿಂಟ್ ಸುಟ್ಟಿತ್ತು ನಿಜ, ಆದರೆ ಸುಡಲು ಕಾರಣ ಕೆಟ್ಟ ಕಂಡೆನ್ಸರ್. ಬಿಸಿಯಾದಾಗ ಅದು ಪೂರ್ತಿ ಕೈಬಿಡುತ್ತಿತ್ತು. ಪಾಯಿಂಟ್ ಮಾತ್ರ ಬದಲಿಸಿದ್ದರೆ ಹೊಸದೂ ಹಾಗೇ ಸುಡುತ್ತಿತ್ತು.

ಜೆ.ಸಿ. ರಸ್ತೆಗೆ ಹೋಗಿ ಎರಡನ್ನೂ ತಂದೆವು. ಪಾಯಿಂಟ್ ಅತಿ ಹೆಚ್ಚು ತೆರೆದಿರುವಾಗ ಅದರ ಗ್ಯಾಪ್ 0.4 ಮಿ.ಮೀ. ಇರಬೇಕು. ಇದನ್ನು ಫೀಲರ್ ಗೇಜ್‌ನಿಂದ ಅಳೆಯುತ್ತಾರೆ. ನಾನು ಅವಸರದಲ್ಲಿ ಅರ್ಧ ತೆರೆದಿದ್ದಾಗಲೇ 0.4 ಇಟ್ಟೆ. ಹಾಗಾಗಿ ಪೂರ್ತಿ ತೆರೆದಾಗ ಗ್ಯಾಪ್ ಹೆಚ್ಚಾಗಿ, ಕಿಡಿ ಬೇಗ ಹಾರಿ, ಕಿಕ್ಕರ್ ತಿರುಗಿ ಹೊಡೆಯಿತು. ಮೂರು ದಿನ ಪಾದ ಊದಿಕೊಂಡಿತ್ತು. ಗ್ಯಾಪ್ ಬದಲಾದರೆ ಟೈಮಿಂಗೂ ಬದಲಾಗುತ್ತದೆ. ಅದನ್ನು ಕಲಿಯದೆ ಕೈಹಾಕಬೇಡಿ. ನಮ್ಮದನ್ನು ಕೊನೆಗೆ ಚಾಚಾ ಅವರೇ ಕೂರಿಸಿಕೊಟ್ಟರು.

ಅಕೌಂಟೆನ್ಸಿಯಲ್ಲಿ ಟ್ರಯಲ್ ಬ್ಯಾಲೆನ್ಸ್ ತಾಳೆಯಾಗದಿದ್ದರೆ ವ್ಯತ್ಯಾಸವನ್ನು ಸಸ್ಪೆನ್ಸ್ ಖಾತೆಗೆ ಹಾಕುತ್ತೇವೆ. ಎರಡೂ ಬದಿ ಸರಿಹೋದಂತೆ ಕಾಣುತ್ತದೆ, ತಪ್ಪು ಒಳಗೇ ಇರುತ್ತದೆ. ನಾನು ಹಾಕಿದ ಹೊಸ ಪ್ಲಗ್ ಅಂಥದ್ದೇ ಸಸ್ಪೆನ್ಸ್ ಖಾತೆ. ತಪ್ಪು ಎಲ್ಲಿದೆ ಎಂದು ಹುಡುಕಿದ ಮೇಲೆಯೇ ಲೆಕ್ಕ ಮುಗಿಯುವುದು. ಪ್ಲಗ್ ಸೇರಿ ನಮ್ಮ ಖರ್ಚು ಸಾವಿರ ರೂಪಾಯಿ ದಾಟಲಿಲ್ಲ.

ನನಗೆ ಇನ್ನೂ 18 ತುಂಬಿಲ್ಲ, ಲೈಸೆನ್ಸ್ ಇಲ್ಲ. ಆದ್ದರಿಂದ ಓಡಿಸಿ ನೋಡಿದ್ದು ಅಬ್ಬಾ. ಲಾಲ್‌ಬಾಗ್, ಬಸವನಗುಡಿ ಸುತ್ತಿ ಒಂದು ಗಂಟೆಯ ಮೇಲೆ ಎಲ್ಲೂ ನಿಲ್ಲದೆ ವಾಪಸ್ ಬಂದರು. ದಾದಾ ಆಗಲೇ ಬಾಗಿಲಿಗೆ ಬಂದು ನಿಂತಿದ್ದರು. ಗಾಡಿ ಗಲ್ಲಿಗೆ ತಿರುಗುವ ಮೊದಲೇ ಅವರಿಗೆ ಶಬ್ದ ಗೊತ್ತಾಗಿತ್ತು.

ಫೀಸು ಕಟ್ಟಿದ್ದೇವೆ. ಸುಟ್ಟ ಪಾಯಿಂಟ್, ಕೆಟ್ಟ ಕಂಡೆನ್ಸರ್ ಎರಡೂ ನನ್ನ ಬ್ಯಾಗಿನಲ್ಲಿವೆ. ನೋಡಬೇಕೆನ್ನುವವರು ಊಟದ ಬಿಡುವಿನಲ್ಲಿ ನಮ್ಮ ಕಾಮರ್ಸ್ ತರಗತಿಗೆ ಬನ್ನಿ.