ಗಣಕಯಂತ್ರೋದ್ಯಮದಲ್ಲಿ ಸಮಾನಾವಕಾಶ

ಒಂದು ಉದ್ಯೋಗಕ್ಕೆ ನಿಜವಾಗಿ ಬೇಕಾದುದಾವುದು, ರೂಢಿಯಿಂದ ಅದಕ್ಕೆ ಅಂಟಿಕೊಂಡುದಾವುದು ಎಂಬ ವಿವೇಚನೆಯು ಹಳೆಯ ಕಸಬುಗಳಿಗೆ ಮಾತ್ರ ಸಲ್ಲತಕ್ಕದ್ದಲ್ಲ. ಗಣಕಯಂತ್ರವು ಇಪ್ಪತ್ತನೆಯ ಶತಮಾನದ ಸೃಷ್ಟಿ. ಅದಕ್ಕೆ ಪೂರ್ವಾಚಾರದ ಹೊರೆಯಿರಲಿಲ್ಲ. ಆದರೂ ಅದರ ಸುತ್ತ ಬೆಳೆದ ಕಚೇರಿಗಳು ಹಿಂದಿನ ಕಚೇರಿಗಳ ನಡವಳಿಕೆಯನ್ನೇ ಅನುಸರಿಸಿದುವು. ಈ ವಿಷಯದಲ್ಲಿ, ಇಂಗ್ಲೆಂಡಿನಲ್ಲಿ ಸ್ಟೆಫನಿ ಶರ್ಲಿಯವರು 1962ರಲ್ಲಿ ಸ್ಥಾಪಿಸಿದ ‘ಫ್ರೀಲಾನ್ಸ್ ಪ್ರೋಗ್ರಾಮರ್ಸ್’ ಎಂಬ ಸಂಸ್ಥೆಯ ಚರಿತ್ರೆಯು ವಿಚಾರಾರ್ಹವಾಗಿದೆ.

ಶರ್ಲಿಯವರು ಹುಟ್ಟಿದುದು 1933ರಲ್ಲಿ, ಜರ್ಮನಿಯ ಡಾರ್ಟ್‌ಮುಂಡ್ ನಗರದಲ್ಲಿ. 1939ರಲ್ಲಿ ಯೆಹೂದ್ಯರ ಮಕ್ಕಳನ್ನು ನಾಟ್ಸಿಗಳ ಹಿಂಸೆಯಿಂದ ಪಾರುಮಾಡಲು ಹೊರಟ ರೈಲುಗಳೊಂದರಲ್ಲಿ, ಐದು ವರ್ಷದ ಈ ಬಾಲಿಕೆಯೂ ಆಕೆಯ ಅಕ್ಕನೂ ಇಂಗ್ಲೆಂಡನ್ನು ಸೇರಿದರು. ಅಪರಿಚಿತರು ಉಳಿಸಿಕೊಟ್ಟ ಜೀವವನ್ನು ಅದಕ್ಕೆ ತಕ್ಕಂತೆ ಬಾಳಬೇಕೆಂಬ ಸಂಕಲ್ಪವೇ ತಮ್ಮ ಕಾರ್ಯಗಳಿಗೆಲ್ಲ ಮೂಲವೆಂದು ಅವರು ಮುಂದೆ ಹೇಳಿಕೊಂಡಿದ್ದಾರೆ. ಡಾಲಿಸ್ ಹಿಲ್ ಎಂಬಲ್ಲಿನ ಅಂಚೆ ಇಲಾಖೆಯ ಸಂಶೋಧನಾಲಯದಲ್ಲಿ ಕೆಲಸಮಾಡುತ್ತ, ಸಂಜೆಯ ತರಗತಿಗಳಲ್ಲಿ ಓದಿ, ಗಣಿತದಲ್ಲಿ ಪದವಿಯನ್ನು ಪಡೆದರು. ಅಂದಿನ ಸ್ತ್ರೀಯರಿಗೆ ಮೇಲಿನ ಹುದ್ದೆಗಳು ದೊರೆಯುವುದು ವಿರಳ. ತಾಯಿಯಾದವಳು ಕೆಲಸವನ್ನು ಬಿಡುವುದಂತೂ ವಾಡಿಕೆಯೇ ಆಗಿದ್ದಿತು. ಹೀಗೆ ಪಳಗಿದ ಬುದ್ಧಿಯೆಷ್ಟೋ ಮನೆಗಳಲ್ಲಿ ನಿರುಪಯುಕ್ತವಾಗಿ ಉಳಿದಿದ್ದಿತು.

ಪ್ರೋಗ್ರಾಮು ಎಂದರೆ, ಯಂತ್ರವು ಯಾವ ಕೆಲಸವನ್ನು ಯಾವ ಕ್ರಮದಲ್ಲಿ ಮಾಡತಕ್ಕದ್ದೆಂದು ತಿಳಿಸುವ ಆದೇಶಗಳ ಮಾಲೆ. ಆ ಕಾಲದಲ್ಲಿ ಇದನ್ನು ಕಾಗದದ ಮೇಲೆ ಸೀಸದಕಡ್ಡಿಯಿಂದ ಬರೆಯುತ್ತಿದ್ದರು. ಬರೆದ ಹಾಳೆಗಳನ್ನು ಬೇರೊಬ್ಬರು ರಂಧ್ರಗಳಾಗಿ ಮಾರ್ಪಡಿಸಿದ ಬಳಿಕವೇ ಅವು ಯಂತ್ರಕ್ಕೆ ಮುಟ್ಟುತ್ತಿದ್ದುವು. ಆದುದರಿಂದ ಬರೆಯುವವರು ಯಂತ್ರದ ಬಳಿಯಲ್ಲಿಯೇ ಕುಳಿತಿರಬೇಕೆಂಬ ನಿಯಮಕ್ಕೆ ಆಧಾರವಿರಲಿಲ್ಲ. ಅಂಚೆಯೂ ಟೆಲಿಫೋನೂ ಇದ್ದರೆ ಸಾಕು. ಶರ್ಲಿಯವರು ಈ ಸರಳವಾದ ಸಂಗತಿಯನ್ನು ಗ್ರಹಿಸಿ, ಆರು ಪೌಂಡುಗಳ ಮೂಲಧನದಿಂದ ತಮ್ಮ ಮನೆಯಲ್ಲಿಯೇ ಸಂಸ್ಥೆಯನ್ನು ಆರಂಭಿಸಿದರು. ಮಕ್ಕಳ ಪಾಲನೆಗಾಗಿ ಉದ್ಯೋಗವನ್ನು ಬಿಟ್ಟಿದ್ದ ಸ್ತ್ರೀಯರಿಗೆ, ಅವರವರ ಮನೆಗಳಲ್ಲಿಯೇ, ಬಿಡುವಿಗೆ ತಕ್ಕಂತೆ ಕೆಲಸವನ್ನು ಹಂಚಿದರು.

ಆರಂಭದಲ್ಲಿ ಅವರ ಪತ್ರಗಳಿಗೆ ಉತ್ತರವೇ ಬರುತ್ತಿರಲಿಲ್ಲ. ಪತಿಯ ಸಲಹೆಯಂತೆ ಅವರು ‘ಸ್ಟೀವ್’ ಎಂಬ ಗಂಡು ಹೆಸರಿನಿಂದ ಸಹಿಮಾಡತೊಡಗಿದ ಮೇಲೆ ಉತ್ತರಗಳು ಬಂದುವು. ಟೆಲಿಫೋನಿನಲ್ಲಿ ಗಿರಾಕಿಗಳೊಡನೆ ಮಾತನಾಡುವಾಗ ಮನೆಯ ಸದ್ದು ಕೇಳಿಸದಿರಲೆಂದು, ಬೆರಳಚ್ಚಿನ ಯಂತ್ರದ ಶಬ್ದವನ್ನು ಮುದ್ರಿಸಿಟ್ಟು ಹಾಕುತ್ತಿದ್ದುದೂ ಉಂಟು. ಬೇಡಿಕೆಯು ಕುಂದಿದ್ದುದು ಯೋಗ್ಯತೆಯ ಅಭಾವದಿಂದಲ್ಲವೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವು ಬೇಡ: ಕೆಲಸವೂ ಕೆಲಸಗಾರರೂ ಅವರೇ, ಬದಲಾದುದು ಸಹಿ ಮಾತ್ರ. ಶಬ್ದಕ್ಕಿಂತಲೂ ವೇಗವಾಗಿ ಹಾರಬಲ್ಲ ‘ಕಾಂಕಾರ್ಡ್’ ವಿಮಾನದ ಹಾರಾಟದ ವಿವರಗಳನ್ನು ದಾಖಲಿಸುವ ಪೆಟ್ಟಿಗೆಗೆ ಬೇಕಾದ ಪ್ರೋಗ್ರಾಮನ್ನು ರಚಿಸಿದವರು ಹೀಗೆ ಮನೆಗಳಲ್ಲಿ ಕುಳಿತ ಸ್ತ್ರೀಯರೇ. ಸಂಸ್ಥೆಯ ಮೊದಲ 300 ಮಂದಿಯಲ್ಲಿ ಗಂಡಸರು ಮೂವರು ಮಾತ್ರ.

1975ರಲ್ಲಿ ಬ್ರಿಟನ್ನಿನ ಪಾರ್ಲಿಮೆಂಟು ಉದ್ಯೋಗಗಳಲ್ಲಿ ಲಿಂಗಭೇದವನ್ನು ನಿಷೇಧಿಸುವ ಕಾಯಿದೆಯನ್ನು ಮಾಡಿತು. ಸ್ತ್ರೀಯರ ರಕ್ಷಣೆಯೇ ಅದರ ಮುಖ್ಯವಾದ ಉದ್ದೇಶ. ಆದರೆ ಸ್ತ್ರೀಯರಿಗಾಗಿಯೇ ಸ್ಥಾಪಿತವಾದ ಈ ಸಂಸ್ಥೆಯ ನಿಯಮವೂ ಅದರಿಂದ ಅಕ್ರಮವಾಯಿತು. ಗಂಡಸರಿಗೂ ಬಾಗಿಲನ್ನು ತೆರೆಯಬೇಕಾಯಿತು. ಇದನ್ನು ವಿಪರ್ಯಾಸವೆಂದು ನಕ್ಕು ಬಿಡುವುದು ಸುಲಭ. ಆದರೆ ಹೊರಗಿಡಲ್ಪಟ್ಟವರಿಗೆ ಆಶ್ರಯವನ್ನು ಕೊಡುವುದು ಒಂದು ಧರ್ಮ, ಯಾರನ್ನೂ ಹೊರಗಿಡದಿರುವುದು ಇನ್ನೊಂದು. ಮೊದಲನೆಯದು ಎರಡನೆಯದಕ್ಕೆ ಮೆಟ್ಟಿಲಾಗಬಲ್ಲುದೇ ಹೊರತು ಅದರ ಸ್ಥಾನದಲ್ಲಿ ನಿಲ್ಲಲಾರದು. ಮನೆಯಿಂದ ದುಡಿಯುವ ಅನುಕೂಲವು ಗಂಡಸರಿಗೂ ಉಪಯುಕ್ತವಾದುದೇ.

ಶರ್ಲಿಯವರು ಸಂಸ್ಥೆಯ ಷೇರುಗಳಲ್ಲಿ ಗಣನೀಯವಾದ ಭಾಗವನ್ನು ಕ್ರಮೇಣ ಅಲ್ಲಿ ದುಡಿದವರಿಗೆ ವಹಿಸಿದರು. 1996ರಲ್ಲಿ ಸಂಸ್ಥೆಯು ಲಂಡನ್ನಿನ ಷೇರು ಮಾರುಕಟ್ಟೆಯನ್ನು ಪ್ರವೇಶಿಸಿತು; ಅದರ ಏಳಿಗೆಯಿಂದ 70 ಮಂದಿ ನೌಕರರು ಲಕ್ಷಾಧೀಶರಾದರು. ಸ್ವಂತ ಮಗನು ಆಟಿಸಂನಿಂದ ಬಳಲಿದುದನ್ನು ಕಂಡಿದ್ದ ಶರ್ಲಿಯವರು, ತಮ್ಮ ಸಂಪತ್ತಿನ ಬಹುಭಾಗವನ್ನು ಅಂಥವರ ಆರೈಕೆಗೂ ಸಂಶೋಧನೆಗೂ ದಾನಮಾಡಿ, 2025ರಲ್ಲಿ ನಿಧನರಾದರು.

ಸಮಾನಾವಕಾಶವನ್ನು ಉದ್ಯಮಕ್ಕೆ ಹೊರಗಿನಿಂದ ಸೇರಿಸುವ ಔದಾರ್ಯವೆಂದು ಭಾವಿಸುವವರು ಈ ಚರಿತ್ರೆಯನ್ನು ಪರಿಶೀಲಿಸಬೇಕು. ಇಲ್ಲಿ ಯಾರಿಗೂ ಕೆಲಸದ ಮಟ್ಟವನ್ನು ತಗ್ಗಿಸಲಿಲ್ಲ. ಕೆಲಸಕ್ಕೆ ಸಂಬಂಧಿಸದ ಷರತ್ತುಗಳನ್ನು ಮಾತ್ರ ತೆಗೆದುಹಾಕಿದರು.