ಸಿಹಿ ತಿಂದು ಬಾರದ ಮಧುಮೇಹ: ಎನ್‌ಓಡಿ ಇಲಿಯಿಂದ ಕಲಿಯುವುದೇನು?

ಹತ್ತನೇ ತರಗತಿಯ ಹಾರ್ಮೋನುಗಳ ಪಾಠದಲ್ಲಿ ಇನ್ಸುಲಿನ್ ವಿಷಯ ಬಂದಾಗ "ಸಿಹಿ ಜಾಸ್ತಿ ತಿಂದರೆ ಶುಗರ್ ಬರುತ್ತದೆ" ಎಂಬ ಉತ್ತರ ವಿದ್ಯಾರ್ಥಿಗಳಿಂದ ಸಹಜವಾಗಿ ಬರುತ್ತದೆ. ದಿನವೂ ಇನ್ಸುಲಿನ್ ಚುಚ್ಚಿಕೊಳ್ಳುವ ಮಗುವೊಂದು ಅದೇ ತರಗತಿಯಲ್ಲಿದ್ದರೆ, ಈ ಮಾತು ಕಾಯಿಲೆಯ ತಪ್ಪನ್ನು ಆ ಮಗುವಿನ ಮೇಲೆಯೇ ಹೊರಿಸುತ್ತದೆ. ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಟೈಪ್ 1 ಮಧುಮೇಹಕ್ಕೆ ಸಿಹಿ ತಿನ್ನುವುದು ಕಾರಣವಲ್ಲ. ದೇಹದ ರೋಗನಿರೋಧಕ ವ್ಯವಸ್ಥೆಯೇ ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳನ್ನು ನಾಶಮಾಡುವುದರಿಂದ ಅದು ಬರುತ್ತದೆ. ಇದು ವಿಜ್ಞಾನಿಗಳಿಗೆ ಹೇಗೆ ತಿಳಿಯಿತು ಎಂಬುದನ್ನು ತರಗತಿಯಲ್ಲಿ ವಿವರಿಸಲು ಎನ್‌ಓಡಿ ಇಲಿ ಒಳ್ಳೆಯ ಉದಾಹರಣೆ.

ಜಪಾನಿನ ಶಿಯೊನೊಗಿ ಪ್ರಯೋಗಾಲಯದಲ್ಲಿ ಬೆಳೆಸಿದ ಈ ತಳಿಯ ವಿವರ 1980ರಲ್ಲಿ ಪ್ರಕಟವಾಯಿತು. ಎನ್‌ಓಡಿ ಎಂದರೆ 'ಬೊಜ್ಜಿಲ್ಲದ ಮಧುಮೇಹಿ' ಎಂದರ್ಥ. ಈ ಇಲಿಗಳಿಗೆ ಯಾವ ರಾಸಾಯನಿಕವನ್ನೂ ಕೊಡದೆ ತಾನಾಗಿಯೇ ಮಧುಮೇಹ ಬರುತ್ತದೆ. ಹುಟ್ಟಿದ 4–5 ವಾರಗಳಲ್ಲಿ ಟಿ ಕೋಶ ಮೊದಲಾದ ನಿರೋಧಕ ಕೋಶಗಳು ಲ್ಯಾಂಗರ್‌ಹ್ಯಾನ್ಸ್ ದ್ವೀಪಗಳ ಸುತ್ತ ಸೇರತೊಡಗುತ್ತವೆ. ರಕ್ತದಲ್ಲಿ ಸಕ್ಕರೆ ಏರುವುದು ಸುಮಾರು 12 ವಾರಗಳ ನಂತರ. ಅಂದರೆ ರೋಗ ಹೊರಗೆ ಕಾಣುವ ಎಷ್ಟೋ ಮೊದಲೇ ಒಳಗೆ ಹಾನಿ ಶುರುವಾಗಿರುತ್ತದೆ.

ಇಲ್ಲಿ ವಿದ್ಯಾರ್ಥಿಗಳ ಮುಂದೆ ಒಂದು ಪ್ರಶ್ನೆ ಇಡಬಹುದು: ಟಿ ಕೋಶಗಳೇ ಬೀಟಾ ಕೋಶಗಳನ್ನು ಕೊಂದವೋ, ಅಥವಾ ಬೇರೆ ಕಾರಣದಿಂದ ಸತ್ತ ಕೋಶಗಳ ಬಳಿಗೆ ಆಮೇಲೆ ಬಂದವೋ? ಉತ್ತರ ಒಂದು ಪ್ರಯೋಗದಲ್ಲಿದೆ. ಎನ್‌ಓಡಿ ತಳಿಯಲ್ಲೇ ಸ್ವಂತ ಟಿ ಮತ್ತು ಬಿ ಕೋಶಗಳಿಲ್ಲದ ಇಲಿಗಳಿವೆ. ಅವುಗಳಿಗೆ ಈ ಮಧುಮೇಹ ಬರುವುದಿಲ್ಲ. ಆದರೆ ರೋಗವಿರುವ ಇಲಿಯ ಟಿ ಕೋಶಗಳನ್ನು ಅವುಗಳಿಗೆ ಚುಚ್ಚಿದರೆ ಕೆಲವೇ ವಾರಗಳಲ್ಲಿ ಮಧುಮೇಹ ಬರುತ್ತದೆ. ನಿಯಂತ್ರಣ ಗುಂಪು ಮತ್ತು ಪ್ರಾಯೋಗಿಕ ಗುಂಪುಗಳ ಪರಿಕಲ್ಪನೆ ಕಲಿಸಲು ಇದಕ್ಕಿಂತ ಸರಳ ನಿದರ್ಶನ ಸಿಗುವುದು ಕಷ್ಟ.

ಟಿ ಕೋಶಗಳು ದಾರಿ ತಪ್ಪುವುದು ಏಕೆ? ಸಾಮಾನ್ಯವಾಗಿ ತನ್ನದೇ ದೇಹದ ಮೇಲೆ ಎರಗುವ ಟಿ ಕೋಶಗಳಲ್ಲಿ ಹೆಚ್ಚಿನವನ್ನು ಥೈಮಸ್ ಗ್ರಂಥಿ ತೆಗೆದುಹಾಕುತ್ತದೆ. ಉಳಿದವನ್ನು ನಿಯಂತ್ರಕ ಟಿ ಕೋಶಗಳು ಹತೋಟಿಯಲ್ಲಿಡುತ್ತವೆ. ಎನ್‌ಓಡಿ ಇಲಿಯಲ್ಲಿ ಈ ಎರಡೂ ಏರ್ಪಾಡುಗಳು ಸಡಿಲವಾಗಿವೆ. ಆದ್ದರಿಂದ "ನಿರೋಧಕ ಶಕ್ತಿ ಕಡಿಮೆಯಾಗಿ ಕಾಯಿಲೆ ಬಂತು" ಎಂಬ ವಿವರಣೆ ಇಲ್ಲಿ ಹೊಂದುವುದಿಲ್ಲ; ಗುರುತಿಸುವುದರಲ್ಲಿ ಮತ್ತು ಹತೋಟಿಯಲ್ಲಿ ಆದ ಲೋಪವೆಂದು ಹೇಳುವುದು ಸರಿ.

ಇಲಿಯ ಮಿತಿಯನ್ನೂ ಹೇಳಬೇಕು. ಈ ತಳಿಯಲ್ಲಿ ಗಂಡಿಗಿಂತ ಹೆಣ್ಣು ಇಲಿಗಳಿಗೆ ರೋಗ ಬಹಳ ಹೆಚ್ಚು. ಮಕ್ಕಳಲ್ಲಿ ಅಂಥ ವ್ಯತ್ಯಾಸವಿಲ್ಲ. ಇಲಿಗಳಲ್ಲಿ ರೋಗ ತಡೆದ ಅನೇಕ ಉಪಾಯಗಳು ಮನುಷ್ಯರಲ್ಲಿ ಫಲಿಸಲಿಲ್ಲ. ಆದರೂ ಟಿ ಕೋಶಗಳ ಸಿಡಿ3 ಅಣುವಿಗೆ ಅಂಟುವ ಪ್ರತಿಕಾಯವು 1994ರಲ್ಲಿ ಎನ್‌ಓಡಿ ಇಲಿಗಳಲ್ಲಿ ಫಲ ಕೊಟ್ಟಿತು. ಅದೇ ಬಗೆಯ ಟೆಪ್ಲಿಜುಮ್ಯಾಬ್ ಎಂಬ ಔಷಧಿಗೆ 2022ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಅದು ರೋಗವನ್ನು ಗುಣಪಡಿಸುವುದಿಲ್ಲ. ಬರುವ ಸಂಭವ ಹೆಚ್ಚಿರುವವರಲ್ಲಿ ಸುಮಾರು ಎರಡು ವರ್ಷ ಮುಂದೂಡುತ್ತದೆ.

ಪಾಠದ ಮೌಲ್ಯಮಾಪನಕ್ಕೆ ಒಂದೇ ಪ್ರಶ್ನೆ ಸಾಕು: "ಟೈಪ್ 1 ಮಧುಮೇಹ ಸಿಹಿ ತಿನ್ನುವುದರಿಂದ ಬರುವುದಿಲ್ಲ ಎಂಬುದಕ್ಕೆ ಈ ಪ್ರಯೋಗದಿಂದ ಯಾವ ಆಧಾರ ಸಿಗುತ್ತದೆ?" ವಿದ್ಯಾರ್ಥಿಗಳು ಸ್ವಂತ ಮಾತಿನಲ್ಲಿ ಕಾರಣ ಕೊಟ್ಟು ಉತ್ತರಿಸಿದರೆ ಪಾಠದ ಉದ್ದೇಶ ಈಡೇರಿದಂತೆ.