ಗ್ರಂಥದ ಅಂಚಿನಲ್ಲಿ ಅಡಗಿದ ಚಿತ್ರಗಳು

ಪ್ರಾಚೀನ ಗ್ರಂಥವೊಂದನ್ನು ವರ್ಣಿಸುವಾಗ ಪತ್ರಸಂಖ್ಯೆ, ಉದ್ದಗಲ, ಪಂಕ್ತಿಗಳು, ಲಿಪಿ, ಲಿಪಿಕಾರನ ಪ್ರಶಸ್ತಿ ಇವುಗಳನ್ನು ದಾಖಲಿಸುವುದು ವಾಡಿಕೆ. ಅಂಚನ್ನು ಪರೀಕ್ಷಿಸುವವರು ವಿರಳ. ಆದರೆ ಇಂಗ್ಲೆಂಡಿನಲ್ಲಿ ಕಟ್ಟಲ್ಪಟ್ಟ ಕೆಲವು ಮುದ್ರಿತ ಗ್ರಂಥಗಳು ಅಂಚಿನಲ್ಲಿಯೇ ಚಿತ್ರವನ್ನು ಬಚ್ಚಿಟ್ಟುಕೊಂಡಿವೆ. ಗ್ರಂಥವು ಮುಚ್ಚಿರುವಾಗ ಹೊನ್ನಿನ ಲೇಪ ಮಾತ್ರ ಕಾಣುತ್ತದೆ. ಹಾಳೆಗಳನ್ನು ಓರೆಯಾಗಿ ಬಾಗಿಸಿದೊಡನೆ ದೃಶ್ಯವೊಂದು ಮೂಡುತ್ತದೆ.

ಇದರ ರಹಸ್ಯ ಸರಳವಾದುದು. ಚಿತ್ರವಿರುವುದು ನಿಜವಾಗಿ ಅಂಚಿನ ಮೇಲಲ್ಲ; ಪ್ರತಿಯೊಂದು ಹಾಳೆಯ ಮೈಮೇಲೆ, ಅಂಚಿಗೆ ತೀರ ಹೊಂದಿಕೊಂಡ ಕೂದಲೆಳೆಯಷ್ಟು ಅಗಲದ ಪಟ್ಟಿಯಲ್ಲಿ. ಬೆನ್ನಿನ ಕಡೆ ಹೊಲಿಗೆಯಿಂದ ಬಿಗಿಯಾಗಿರುವ ಹಾಳೆಗಳನ್ನು ಮುಂಬದಿಯಲ್ಲಿ ಬೀಸಣಿಗೆಯಂತೆ ಹರಡಿದಾಗ ಈ ಪಟ್ಟಿಗಳು ಮೆಟ್ಟಿಲುಗಳಂತೆ ತೆರೆದುಕೊಂಡು ಒಂದೇ ಸಮತಲವಾಗುತ್ತವೆ. ಆ ಸ್ಥಿತಿಯಲ್ಲಿ ಗ್ರಂಥವನ್ನು ಅದುಮಿಟ್ಟು, ನೀರು ಒಸರದಂತೆ ಬಹುಮಟ್ಟಿಗೆ ಒಣಗಿದ ಕುಂಚದಿಂದ ಜಲವರ್ಣವನ್ನು ಲೇಪಿಸುತ್ತಾರೆ. ಅನಂತರ ಗ್ರಂಥವನ್ನು ಮುಚ್ಚಿ, ಅಂಚಿಗೆ ಚಿನ್ನದ ರೇಕು ಹಚ್ಚಿ ಉಜ್ಜಿ ಮೆರುಗು ಕೊಡುತ್ತಾರೆ. ಒಂದು ಕಡೆ ಬಾಗಿಸಿದರೆ ಒಂದು, ಮತ್ತೊಂದು ಕಡೆ ಬಾಗಿಸಿದರೆ ಬೇರೊಂದು, ಹೀಗೆ ಎರಡು ಚಿತ್ರಗಳಿರುವ ಗ್ರಂಥಗಳೂ ಉಂಟು.

ತಾಳೆಯೋಲೆಯ ಕಟ್ಟಿನಲ್ಲಿ ಗರಿಗಳು ರಂಧ್ರದ ಮೂಲಕ ಹಾಯುವ ದಾರದಿಂದ ಮಾತ್ರ ಕೂಡಿರುವುದರಿಂದ ಅಲ್ಲಿ ಇಂತಹ ಸ್ಥಿರವಾದ ಬೆನ್ನು ಇಲ್ಲ. ಅಂತೆಯೇ ಜೈನ ಓಲೆಗ್ರಂಥಗಳಲ್ಲಿ ಚಿತ್ರವು ಗರಿಯ ಮೈಯನ್ನೂ ರಕ್ಷಣೆಯ ಮರದ ಹಲಗೆಯನ್ನೂ ಆಶ್ರಯಿಸಿತು. ಮೂಡಬಿದಿರೆಯ ಷಟ್ಖಂಡಾಗಮದ ಪ್ರತಿಗಳೂ ಜೈಸಲ್ಮೇರಿನ ಚಿತ್ರಿತ ಹಲಗೆಗಳೂ ಇದಕ್ಕೆ ನಿದರ್ಶನ.

ಅಂಚನ್ನು ಬಹಿರಂಗವಾಗಿಯೇ ಚಿತ್ರಿಸುವ ಪದ್ಧತಿ ಇದಕ್ಕಿಂತ ಹಳೆಯದು. ೧೬ನೆಯ ಶತಮಾನದ ಕೊನೆಯ ಭಾಗದಲ್ಲಿ ಇಟಲಿಯ ಬೆಲ್ಲುನೋ ಪ್ರಾಂತದ ಪಿಲ್ಲೋನೆ ಮನೆತನದ ಗ್ರಂಥಭಂಡಾರದಲ್ಲಿ ನೂರಕ್ಕೂ ಹೆಚ್ಚು ಗ್ರಂಥಗಳ ಅಂಚುಗಳನ್ನು ಚೆಸಾರೆ ವೆಚೆಲ್ಲಿಯೋ ಚಿತ್ರಿಸಿದನು. ಅಂದು ಗ್ರಂಥಗಳನ್ನು ಅಂಚು ಹೊರಮುಖವಾಗಿರುವಂತೆ ಇಡುತ್ತಿದ್ದುದರಿಂದ ಆ ಚಿತ್ರವೇ ಗ್ರಂಥದ ಗುರುತಾಗುತ್ತಿತ್ತು. ಚಿನ್ನದಡಿ ಅಡಗಿಸುವ ವಿಧಾನವು ೧೭ನೆಯ ಶತಮಾನದ ಮಧ್ಯಭಾಗದಿಂದ ಇಂಗ್ಲೆಂಡಿನಲ್ಲಿ ಕಂಡುಬರುತ್ತದೆ. ಎರಡನೆಯ ಚಾರ್ಲ್ಸ್ ದೊರೆಯ (೧೬೬೦–೧೬೮೫) ಕಾಲದಲ್ಲಿ ಹೂಬಳ್ಳಿ, ರಾಜಲಾಂಛನಗಳು ಇದರ ವಸ್ತುವಾಗಿದ್ದವು. ೧೮ನೆಯ ಶತಮಾನದಲ್ಲಿ ಹ್ಯಾಲಿಫ್ಯಾಕ್ಸಿನ ಎಡ್ವರ್ಡ್ಸ್ ಮನೆತನದ ಗ್ರಂಥಬಂಧಕರು ನಿಸರ್ಗದೃಶ್ಯ, ಭವನ, ಭಗ್ನಾವಶೇಷಗಳ ಚಿತ್ರಣದಿಂದ ಈ ಕಲೆಯನ್ನು ಪ್ರಸಿದ್ಧಿಗೆ ತಂದರು.

ಸಂಶೋಧಕನಿಗೆ ಇಲ್ಲಿರುವ ಮುಖ್ಯ ತೊಡಕು ಕಾಲನಿರ್ಣಯದ್ದು. ಕೃತಿಯ ರಚನಾಕಾಲ ಬೇರೆ, ಪ್ರತಿಯ ಲೇಖನಕಾಲ ಬೇರೆ ಎಂಬುದು ಹಸ್ತಪ್ರತಿಶಾಸ್ತ್ರದ ಮೊದಲ ಪಾಠ. ಇಲ್ಲಿ ಚಿತ್ರದ ಕಾಲವೆಂಬ ಮೂರನೆಯದೂ ಸೇರುತ್ತದೆ. ಹೊನ್ನು ಇರುವುದು ಅಂಚಿನ ಮೇಲೆ, ಬಣ್ಣ ಇರುವುದು ಹಾಳೆಯ ಮೇಲೆ; ಆದುದರಿಂದ ಈಗಾಗಲೇ ಹೊನ್ನು ಲೇಪಿಸಿದ ಹಳೆಯ ಗ್ರಂಥಕ್ಕೂ ಶತಮಾನದ ಬಳಿಕ ಚಿತ್ರ ಬರೆಯಲು ಅಡ್ಡಿಯಿಲ್ಲ. ಹಳೆಯ ಮುದ್ರಣಗಳ ಮೇಲೆ ೨೦ನೆಯ ಶತಮಾನದಲ್ಲಿ ಬರೆದ ಚಿತ್ರಗಳು ಹೇರಳವಾಗಿವೆ. ಬಹುತೇಕ ಚಿತ್ರಗಳಿಗೆ ಅಂಕಿತವೂ ಇಲ್ಲ, ತೇದಿಯೂ ಇಲ್ಲ. ಮುಖಪುಟದ ವರ್ಷವನ್ನೇ ಚಿತ್ರಕ್ಕೆ ಆರೋಪಿಸುವುದು ಪ್ರಮಾಣವಲ್ಲ. ಚಿತ್ರಿತ ಕಟ್ಟಡವು ಗ್ರಂಥಮುದ್ರಣದ ಅನಂತರದ್ದಾದರೆ ಚಿತ್ರವೂ ಅನಂತರದ್ದೆಂದು ನಿಶ್ಚಯಿಸಬಹುದು. ಆದರೆ ಹಳೆಯ ಕಟ್ಟಡದ ಚಿತ್ರದಿಂದ ಪ್ರಾಚೀನತೆ ಸಿದ್ಧಿಸುವುದಿಲ್ಲ.

ಸಂರಕ್ಷಣೆಯ ಪ್ರಶ್ನೆ ಇನ್ನೂ ಗಂಭೀರವಾದುದು. ಶಿಥಿಲ ಗ್ರಂಥಕ್ಕೆ ಮರುಕಟ್ಟು ಹಾಕುವಾಗ ಅಂಚನ್ನು ಸಮಗೊಳಿಸಲು ಒಮ್ಮೆ ಕತ್ತರಿಸಿದರೆ ಸಾಕು, ಚಿತ್ರವು ಶಾಶ್ವತವಾಗಿ ನಷ್ಟವಾಗುತ್ತದೆ. ಅದು ಇತ್ತೆಂಬುದಕ್ಕೆ ಕುರುಹೂ ಉಳಿಯದು. ಪುಟಗಳನ್ನಷ್ಟೇ ಸೆರೆಹಿಡಿಯುವ ಛಾಯಾಗ್ರಹಣಕ್ಕೂ ಅದು ಗೋಚರಿಸದು. ಪದೇ ಪದೇ ಬಾಗಿಸಿ ತೋರಿಸುವುದರಿಂದ ಬೆನ್ನು ಸಡಿಲವಾಗುತ್ತದೆ. ಆದಕಾರಣ ಒಮ್ಮೆ ಎಚ್ಚರದಿಂದ ಬಾಗಿಸಿ ಛಾಯಾಚಿತ್ರ ತೆಗೆದು, ಬಾಗಿಸಬೇಕಾದ ದಿಕ್ಕು, ಚಿತ್ರದ ವಸ್ತು, ಅಂಕಿತ ಇವುಗಳನ್ನು ಸೂಚಿಯಲ್ಲಿ ನಮೂದಿಸುವುದು ಯುಕ್ತ. ಇನ್ನೂರಕ್ಕೂ ಹೆಚ್ಚು ಇಂತಹ ಗ್ರಂಥಗಳನ್ನುಳ್ಳ ಬಾಸ್ಟನ್ ಸಾರ್ವಜನಿಕ ಗ್ರಂಥಾಲಯವು ಅವುಗಳ ಅಂಚಿನ ಛಾಯಾಚಿತ್ರಗಳನ್ನು ಪ್ರಕಟಪಡಿಸಿದೆ. ಗ್ರಂಥವರ್ಣನೆಯ ನಮೂನೆಯಲ್ಲಿ ಅಂಚಿಗೂ ಒಂದು ಕಲಮು ಮೀಸಲಾದರೆ, ಕಟ್ಟುವವನ ಕತ್ತಿಗಿಂತ ಮೊದಲು ಪರೀಕ್ಷಕನ ಕಣ್ಣು ಅಲ್ಲಿಗೆ ತಲುಪುವುದು.